ಮನೀಷಾ ತಂಡದಿಂದ ಕೈಬಿಟ್ಟ ವೀರಭದ್ರ

ಹುಮನಾಬಾದಿನಲ್ಲಿ ಹೆದ್ದಾರಿಯ ಮಗ್ಗುಲಿಗೆ ಮಹಾರುದ್ರಪ್ಪನವರ ಪೈಪು, ಮೋಟರಿನ ಅಂಗಡಿ ಇದೆ. ಅವರ ಕಿರಿಯ ಮಗ ವೀರಭದ್ರ ಹತ್ತಾರು ವರ್ಷ ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದವನು. ಆ ಕಡೆ ಅದೊಂದು ಕಸುಬು ಎಂದರೆ ಯಾರೂ ನಂಬುತ್ತಿರಲಿಲ್ಲ. "ನಿಮ್ಮ ಸಣ್ಣ ಮಗ ಏನ್ ಮಾಡ್ತಾನ್ರಿ?" ಎಂದು ಕೇಳಿದವರಿಗೆ ಮಹಾರುದ್ರಪ್ಪ ಮೊದಮೊದಲು "ಪುಣೆದಾಗ ಕಂಪನಿ ಕೆಲ್ಸ" ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಒಂದು ಸಲ ಟಿವಿಯಲ್ಲಿ ಮಗನ ಮುಖ ಕಂಡಿತು. ಆಮೇಲಿಂದ "ಚೆಂಡ ಆಡ್ತಾನ್ರಿ, ಪಗಾರ ಕೊಡ್ತಾರ" ಎನ್ನತೊಡಗಿದರು.

ವೀರಭದ್ರ ಆಟ ಕಲಿತದ್ದು ಬಸವಕಲ್ಯಾಣದಲ್ಲಿ. ಸೋದರತ್ತೆ ಚಂದಮ್ಮನ ಮನೆಯಲ್ಲಿದ್ದು ಹೈಸ್ಕೂಲು ಓದುವಾಗ, ಅಲ್ಲಿನ ಪಿ.ಟಿ. ಟೀಚರ್ ಲತೀಫಾ ಹುಡುಗರದೊಂದು ತಂಡ ಕಟ್ಟಿದ್ದರು. ಹುಡುಗಿಯರ ತಂಡವನ್ನೂ ಕಟ್ಟಬೇಕೆಂದಿದ್ದರು, ಆದರೆ ಬಂದವಳು ಒಬ್ಬಳೇ. ಅವಳು ಮನೀಷಾ, ವೀರಭದ್ರನಿಗಿಂತ ಎರಡು ಕ್ಲಾಸು ಸಣ್ಣವಳು. ಅವಳ ಅಪ್ಪ ತುಳಜಾರಾಮ ಹೆದ್ದಾರಿಯ ಸಸ್ತಾಪುರ ಬಂಗ್ಲಾ ಕ್ರಾಸಿನ ಹತ್ತಿರ ಲಾರಿಗಳಿಗೆ ಬಾಡಿ ಕಟ್ಟುವ ಕಡೆ ವೆಲ್ಡಿಂಗ್ ಮಾಡುತ್ತಿದ್ದ. ಅವಳು ದಿನವೂ ಹುಡುಗರ ಜೊತೆಗೇ ಆಡುತ್ತಿದ್ದಳು. ಪಂದ್ಯವಿದ್ದ ದಿನ ಮಾತ್ರ ಟೀಚರ ಪಕ್ಕ ಗೆರೆಯಾಚೆ ನಿಲ್ಲಬೇಕು. ನಿಂತು ಸುಮ್ಮನಿರುತ್ತಿರಲಿಲ್ಲ. "ವೀರಣ್ಣ, ಎಡಕ್ಕ! ಎಡಕ್ಕ ಬಾ!" ಎಂದು ಒದರುತ್ತಿದ್ದಳು. ವೀರಭದ್ರ ಎಡಕ್ಕೆ ಹೋಗುತ್ತಿದ್ದ. ಚೆಂಡು ಅಲ್ಲಿಗೇ ಬರುತ್ತಿತ್ತು. ಅದನ್ನು ಅವನು ದೊಡ್ಡ ವಿಷಯ ಎಂದುಕೊಂಡಿರಲಿಲ್ಲ. ಆ ವಯಸ್ಸಿನಲ್ಲಿ ಯಾರು ಒದರಿದರೇನು, ಚೆಂಡು ಸಿಕ್ಕರೆ ಆಯಿತು.

ಆಮೇಲೆ ಇಬ್ಬರ ದಾರಿ ಬೇರೆಯಾಯಿತು. ಅವನು ಬೆಂಗಳೂರು, ಗೋವಾ ಎಂದು ತಿರುಗಿ ಕೊನೆಗೆ ಪುಣೆಯ ಕಡೆಯ ಒಂದು ಕ್ಲಬ್ಬಿನಲ್ಲಿ ನೆಲೆ ನಿಂತ. ದೇಶದ ಎರಡನೇ ದರ್ಜೆಯ ಲೀಗು. ದೊಡ್ಡ ಹೆಸರಿಲ್ಲ, ಆದರೆ ಪಗಾರ ತಪ್ಪುತ್ತಿರಲಿಲ್ಲ. ಗೋಲಿನ ಮುಂದೆ ನಿಂತು ಎದುರಿನವರನ್ನು ತಡೆಯುವುದು ಅವನ ಕೆಲಸ. ಮನೀಷಾ ಶಾಲೆಗಳಲ್ಲಿ ಕಲಿಸುತ್ತ, ಕೋಚ್ ಲೈಸೆನ್ಸಿನ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸುತ್ತ, ಹೆಣ್ಣುಮಕ್ಕಳ ತಂಡಗಳನ್ನು ನೋಡಿಕೊಳ್ಳುತ್ತ ಬಂದವಳು, ಒಂದು ದಿನ ಅದೇ ಕ್ಲಬ್ಬಿಗೆ ಸಹಾಯಕ ಕೋಚ್ ಆಗಿ ಬಂದಿಳಿದಳು. ಊರ ಕಡೆಯ ಮಾತು ಆಡಲು ಅವನಿಗೊಬ್ಬರು ಸಿಕ್ಕರು. ಅವಳಿಗೂ ಅಷ್ಟೇ. ಊಟದ ಹೊತ್ತಿಗೆ ಇಬ್ಬರೂ ಪುಂಡಿಪಲ್ಯದ ನೆನಪು ಮಾಡಿಕೊಂಡರೆ ಮಿಕ್ಕವರು ಪಿಳಿಪಿಳಿ ನೋಡುತ್ತಿದ್ದರು.

ಹೋದ ವರ್ಷ ದೀಪಾವಳಿಯ ಮರುವಾರ ಕ್ಲಬ್ಬಿನ ಮುಖ್ಯ ಕೋಚನ್ನು ತೆಗೆದರು. ಸೋಲಿನ ಮೇಲೆ ಸೋಲು ಬಂದಿತ್ತು. ಹೊಸಬರನ್ನು ಹುಡುಕಲು ಪುರುಸೊತ್ತಿರಲಿಲ್ಲ. ಮನೀಷಾಳ ಕೈಗೆ ತಂಡ ಕೊಟ್ಟರು. ಗಂಡಸರ ವೃತ್ತಿಪರ ತಂಡಕ್ಕೆ ಹೆಣ್ಣುಮಗಳು ಮುಖ್ಯ ಕೋಚ್! ಪೇಪರಿನವರು, ಟಿವಿಯವರು ಬಂದರು. ಗಂಡಸರನ್ನು ಹೇಗೆ ಸಂಭಾಳಿಸುತ್ತೀರಿ ಎಂದು ಎಲ್ಲರೂ ಅದನ್ನೇ ಕೇಳಿದರು. ಅವಳು ಹೇಳಿದಳು: "ಹನ್ನೊಂದು ಜನರನ್ನು ಆರಿಸುತ್ತೇನೆ. ಹೊರಗುಳಿದವರಿಗೆ ಸಿಟ್ಟು ಬರುತ್ತದೆ. ಗಂಡಸರು ಕೋಚ್ ಆಗಿದ್ದಾಗಲೂ ಹೀಗೇ ಇತ್ತು."

ತಂಡದಲ್ಲಿ ಒಂದಿಬ್ಬರು ಮೊದಲ ದಿನ ಮುಸಿಮುಸಿ ನಕ್ಕರು. ಎರಡನೇ ವಾರ ನಗುವವರಿರಲಿಲ್ಲ. ಅವಳು ಅಷ್ಟು ಓಡಿಸುತ್ತಿದ್ದಳು. ವೀರಭದ್ರನಿಗೆ ಖುಷಿಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಅವನು ಆ ಕ್ಲಬ್ಬಿನಲ್ಲಿ ಐದು ಕೋಚುಗಳು ಬಂದು ಹೋದದ್ದನ್ನು ಕಂಡಿದ್ದ. ಇವಳು ಆರನೆಯವಳು. ಒಂದೇ ವ್ಯತ್ಯಾಸ ಎಂದರೆ, ಅವಳು ಅವನನ್ನು "ವೀರಣ್ಣ" ಎನ್ನುವುದನ್ನು ಬಿಟ್ಟಳು. ಎಲ್ಲರಂತೆ "ವೀರ" ಎಂದು ಕರೆದಳು. ಅವನೂ "ಕೋಚ್" ಎಂದ.

ಮೊದಲೆರಡು ಪಂದ್ಯ ಗೆದ್ದರು. ಮೂರನೆಯದಕ್ಕೆ ವೀರಭದ್ರ ಹೊರಗೆ ಕೂತ. ಆಮೇಲೂ ಹೊರಗೇ ಕೂತ. ಜನವರಿಯಲ್ಲಿ ಒಂದು ಬೆಳಿಗ್ಗೆ ಅವಳು ಅವನನ್ನು ಮೈದಾನದ ನೀರಿನ ಟ್ಯಾಂಕಿನ ಹತ್ತಿರ ಕರೆದಳು. ಅಲ್ಲೊಂದು ಕಟ್ಟೆ ಇತ್ತು.

"ಕುಂದ್ರು, ವೀರಣ್ಣ."

ಬಹಳ ದಿನದ ಮೇಲೆ ಹಾಗೆ ಕರೆದದ್ದರಲ್ಲೇ ಅವನಿಗೆ ಅರ್ಥವಾಯಿತು.

"ನಿನ್ನ ಬಿಡಾಕತ್ತೇನಿ," ಅಂದಳು.

"ಹೂಂ."

"ಯಾಕಂತ ಕೇಳಾಂಗಿಲ್ಲೇನ?"

"ಗೊತ್ತದ."

"ಗೊತ್ತಿದ್ರೂ ಹೇಳೂದು ನನ್ನ ಕೆಲ್ಸ. ಚೆಂಡ ನಿನ್ನ ತಲಿ ಮ್ಯಾಲಿಂದ ದಾಟಿದ್ರ ನೀ ತಿರಗೂದ್ರಾಗ ಅವ ಮುಂದ ಹೋಗಿರ್ತಾನ. ಆಟ ನಿಂಗ ಮೊದ್ಲಿನಕಿಂತ ಛೊಲೋ ತಿಳೀತದ, ಆದ್ರ ಕಾಲು ಮಾತ ಕೇಳವಲ್ದು. ಆ ಜಾಗಕ್ಕ ಬಂದ ಹುಡುಗ ನಿನ್ನಷ್ಟು ಶ್ಯಾಣ್ಯಾ ಅಲ್ಲ. ಓಡ್ತಾನ, ಅಷ್ಟ."

"ಬರೋಬ್ಬರಿ ಅದ."

"ಆಫೀಸಿನವ್ರ ಕೈಲೆ ಫೋನ್ ಮಾಡ್ಸಬಹುದಿತ್ತು. ನಾನ ಹೇಳಬೇಕಂತ ಅನಸ್ತು."

ಅವನು ತಲೆಯಾಡಿಸಿದ. ಎದೆಯೊಳಗೆ ಏನಾದರೂ ಆಗಬಹುದು ಎಂದು ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ. "ಬರ್ತೀನಿ" ಎಂದು ಎದ್ದ. ರೂಮಿಗೆ ಹೋಗಿ ಬೂಟುಗಳ ಮಣ್ಣು ಕೊಡವಿ ಚೀಲಕ್ಕೆ ಹಾಕಿಕೊಂಡ. ಸೊಲ್ಲಾಪುರ ದಾಟಿ, ಉಮರ್ಗಾ ದಾಟಿ ಬಸ್ಸು ಬರುವಾಗ ಕಿಟಕಿಯ ಹೊರಗೆ ಕಟಾವಿಗೆ ಬಂದ ತೊಗರಿ ಕಂಡಿತು. ನೋಡಿದ, ಅಷ್ಟೇ.

ಮನೆಯಲ್ಲಿ ಹೆಂಡತಿ ವಿದ್ಯಾವತಿ ಊಟ ಆಯಿತೇ ಎಂದು ಕೇಳಿದಳು. ಅವಳು ಹತ್ತಿರದ ಹುಡಗಿ ಗ್ರಾಮದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಎಂದಾದರೂ ಗಂಡ ಹೀಗೆ ಬಂದಾನು ಎಂದು ತಿಳಿದವಳ ಹಾಗೆ ಅವಳು ಹೆಚ್ಚು ಕೇಳಲಿಲ್ಲ. ಅಪ್ಪ ಮರುದಿನ ಅಂಗಡಿಗೆ ಬಾ ಎಂದರು. ಅವನು ಹೋಗಿ ಕೂತ. ಪೈಪು ಅಳೆದು ಕೊಯ್ದು ಕೊಡುವ ಕೆಲಸ ಮೈಗೆ ಹತ್ತಲು ವಾರ ಹಿಡಿಯಲಿಲ್ಲ.

ತೊಂದರೆಯಾದದ್ದು ಬೇರೆಯವರಿಂದ. ಅಂಗಡಿಗೆ ಬಂದವರೆಲ್ಲ ಅವನ ಪರವಾಗಿ ಸಿಟ್ಟು ತಂದುಕೊಂಡೇ ಬರುತ್ತಿದ್ದರು. "ಹೆಣ್ಮಗಳು ತೆಗದ್ಲಂತಲ್ಲ ನಿನ್ನ? ಅದೂ ನಮ್ಮ ಕಡೀದಾಕಿ?" ಒಬ್ಬರು ಅವನ ಭುಜ ತಟ್ಟುತ್ತಿದ್ದರು, ಇನ್ನೊಬ್ಬರು ಥೂ ಎನ್ನುತ್ತಿದ್ದರು. ಅವನಿಗೆ ಚಹಾ ತರಿಸುವವರೂ ಇದ್ದರು. ವೀರಭದ್ರ ಅವರ ಸಿಟ್ಟನ್ನು ಅರಿವೆ ಅಂಗಡಿಯಲ್ಲಿ ಅಂಗಿ ಹಾಕಿ ನೋಡುವವನ ಹಾಗೆ ಹಾಕಿ ನೋಡಿದ. ತನ್ನ ಅಳತೆಗೆ ಬರಲಿಲ್ಲ. ಹಾಗಂತ ಅವರಿಗೆ ಹೇಳಲೂ ಇಲ್ಲ. "ಹೂಂ, ಹೂಂ" ಎಂದು ವಾಲ್ವು ಕಟ್ಟಿಕೊಟ್ಟ.

ದೊಡ್ಡಪ್ಪನ ಮಗ ಓಂಪ್ರಕಾಶ ಯೂಟ್ಯೂಬಿನಲ್ಲಿ ತಾಲೂಕಿನ ಸುದ್ದಿ ಹಾಕುತ್ತಿದ್ದ. ಒಂದು ಮಧ್ಯಾಹ್ನ ಮೈಕು ಹಿಡಿದು ಅಂಗಡಿಗೇ ಬಂದ. ಪೈಪುಗಳ ಮುಂದೆ ವೀರಭದ್ರನನ್ನು ಕೂರಿಸಿದ. ಮೊದಲು ಅದೂ ಇದೂ ಕೇಳಿ, ಆಮೇಲೆ ಕೇಳಿದ: "ಗಂಡಸ್ರ ಟೀಮಿಗೆ ಹೆಣ್ಮಗಳು ಕೋಚ್ ಆದ್ರ ತಕಲೀಫ ಆಗ್ತದಲ್ರಿ?"

ಮನೆಯೊಳಗೆ ಏಕವಚನದಲ್ಲಿ ಕರೆಯುವವನು ಕ್ಯಾಮೆರಾದ ಮುಂದೆ 'ರಿ' ಹಚ್ಚಿದ್ದು ವೀರಭದ್ರನಿಗೆ ವಿಚಿತ್ರವಾಗಿ ಕೇಳಿಸಿತು.

"ಆಗ್ತದ," ಅಂದ. ಒಂದು ಗಳಿಗೆ ಬಿಟ್ಟು ಮುಂದುವರಿಸಿದ: "ಡ್ರೆಸ್ಸಿಂಗ್ ರೂಮಿಗೆ ಬರೂ ಮುಂದ ಬಾಗಲ ಬಡೀತಾಳ. ಜಲ್ದಿ ಜಲ್ದಿ ಅಂಗಿ ಹಾಕ್ಕೋಬೇಕಾಗ್ತದ. ಅಷ್ಟ ತಕಲೀಫ. ಬ್ಯಾರೆ ಏನಿಲ್ಲ. ನನ್ನ ತೆಗದಿದ್ದು ಖರೇ, ಆದ್ರ ನಾನ ಕೋಚ್ ಇದ್ರೂ ನನ್ನ ತೆಗೀತಿದ್ದೆ."

ಓಂಪ್ರಕಾಶ ಮೈಕು ಕೆಳಗಿಳಿಸಿದ. "ಇದೇನೋ ಮಾರಾಯಾ, ಒಂದಿಷ್ಟು ಸಿಟ್ಲೆ ಮಾತಾಡು."

"ಬರವಲ್ದು," ಅಂದ ವೀರಭದ್ರ.

ಸಂಜೆಗೆ ವಿಡಿಯೋ ಬಂತು. ಅದರಲ್ಲಿ ಪ್ರಶ್ನೆ ಇತ್ತು. ವೀರಭದ್ರ ಕ್ಯಾಮೆರಾ ನೋಡಿ "ಆಗ್ತದ" ಎನ್ನುವುದಿತ್ತು. ಆಮೇಲೆ ಅವನು ಸುಮ್ಮನೆ ಕೂತ ಆ ಗಳಿಗೆಯನ್ನು ಎಳೆದು ಉದ್ದ ಮಾಡಿ, ಹಿಂದೆ ದುಃಖದ ಪಿಟೀಲು ಹಚ್ಚಿದ್ದ ಓಂಪ್ರಕಾಶ. ಮುಗಿಯಿತು. ಮೇಲೆ ದಪ್ಪ ಅಕ್ಷರದಲ್ಲಿ, ಮಹಿಳಾ ಕೋಚ್ ಬಗ್ಗೆ ಹುಮನಾಬಾದ್ ಆಟಗಾರನ ನೋವಿನ ಮಾತು ಎಂದಿತ್ತು.

ಹುಮನಾಬಾದಿನಲ್ಲಿ ಫುಟ್‌ಬಾಲ್ ನೋಡದವರೂ ಅದನ್ನು ನೋಡಿದರು. ಅಲ್ಲಿಂದ ಬೀದರಿಗೆ ಹೋಯಿತು, ಕೆಳಗೆ ಹಿಂದಿಯಲ್ಲಿ ಬರೆಸಿಕೊಂಡು ಪುಣೆಗೆ ಹೋಯಿತು. ವಿದ್ಯಾವತಿ ಶಾಲೆಯ ಸ್ಟಾಫ್ ರೂಮಿನಲ್ಲಿ ಕಂಡು ಮನೆಗೆ ಬಂದವಳೇ ಕೇಳಿದಳು, "ನೀವು ಇಷ್ಟ ಅಂದ್ರೇನ್ರಿ?"

"ಮುಂದ ಇನ್ನೂ ಅಂದಿದ್ದೆ."

"ಅದು ಇಲ್ಲಲ್ರಿ."

"ಓಂ ಕತ್ತರ್ಸ್ಯಾನ."

"ಮತ್ತ ಅವಗ ಹೇಳ್ರಿ, ಪೂರಾ ಹಾಕಂತ."

"ಹೇಳ್ತೀನಿ," ಅಂದ. ಹೇಳಲಿಲ್ಲ. ಹೇಳಬಾರದು ಎಂದೇನೂ ಇರಲಿಲ್ಲ. ಬೆಳಿಗ್ಗೆ ಎದ್ದು ಅಂಗಡಿಗೆ ಹೋಗುತ್ತಿದ್ದ, ಓಂಪ್ರಕಾಶನ ಮನೆ ದಾರಿಯಲ್ಲೇ ಇತ್ತು, ದಾಟಿ ಹೋಗುತ್ತಿದ್ದ. ವಿದ್ಯಾವತಿ ಇನ್ನೊಂದು ಸಲ ಕೇಳಿದಳು. ಮೂರನೇ ಸಲ ಕೇಳಲಿಲ್ಲ. ಅವಳು ಕೇಳದೆ ಬಿಟ್ಟಳು ಎಂಬುದು ಅವನ ಗಮನಕ್ಕೆ ಬಂತು, ಆದರೂ ಕಾಲು ಆ ಕಡೆ ಎದ್ದು ಹೋಗಲಿಲ್ಲ.

ಅತ್ತ ಪುಣೆಯಲ್ಲಿ ತಂಡ ಸೋಲತೊಡಗಿತು. ಮುಂದೆ ಆಡುವವನಿಗೆ ಮೊಣಕಾಲು ಮುರಿದಿತ್ತು. ವೀರಭದ್ರನ ಜಾಗಕ್ಕೆ ಬಂದ ಹುಡುಗ ಚೆನ್ನಾಗಿ ಓಡಿದ, ಎರಡು ಸಲ ತಪ್ಪು ದಿಕ್ಕಿಗೆ ಓಡಿದ. ಟಿವಿಯಲ್ಲಿ ಆಟದ ಬಗ್ಗೆ ಮಾತಾಡುವ ಹಳೇ ಆಟಗಾರನೊಬ್ಬ, "ನಾವೇಕೆ ಹೇಳಬೇಕು, ಆಕೆಯ ಊರ ಕಡೆಯವನೇ ಹೇಳಿದ್ದಾನಲ್ಲ" ಎಂದ. ಯುಗಾದಿಗೆ ಮೊದಲು ಮನೀಷಾಳನ್ನು ತೆಗೆದರು. ಕ್ಲಬ್ಬಿನ ಯಜಮಾನ ಪೇಪರಿನವರಿಗೆ ಹೇಳಿದ, "ಒಂದು ಪ್ರಯೋಗ ಮಾಡಿ ನೋಡಿದೆವು."

ಘಾಟಬೋರಾಳದ ಶ್ರೀಮಂತ ಎಂಬ ರೈತ ಮೋಟರು ರಿಪೇರಿಗೆ ತಂದವನು ಆ ಸುದ್ದಿ ಎತ್ತಿದ. "ನೋಡ್ದ್ಯಾ? ಹೆಣ್ಮಕ್ಕಳ ಕೈಲೆ ಆಗೂ ಕೆಲ್ಸ ಅಲ್ಲ ಅದು."

"ನಾ ಇದ್ದಾಗ ಐದು ಮಂದಿ ಗಂಡಸ್ರನ್ನ ತೆಗದಾರ್ರಿ," ಅಂದ ವೀರಭದ್ರ.

"ಅವ್ರ ಮಾತು ಬ್ಯಾರೆ ಬಿಡು."

"ಹ್ಯಾಂಗ ಬ್ಯಾರೆ?"

ಶ್ರೀಮಂತ, ಮೋಟರು ಎಂದಿಗೆ ಕೊಡ್ತೀರಿ ಎಂದು ಮಹಾರುದ್ರಪ್ಪನವರನ್ನು ಕೇಳಿದ.

ಮನೀಷಾ ಊರಿಗೆ ಬಂದಿದ್ದಾಳೆ ಎಂದು ಚಂದಮ್ಮ ಅತ್ತೆ ಫೋನಿನಲ್ಲಿ ಹೇಳಿದಳು. "ಬಂದು ವಾರಾತು. ಹೊರಗ ಬಿದ್ದಿಲ್ಲ. ಹೋಗಿ ಮಾತಾಡ್ಸಿ ಬಾರಪ್ಪಾ, ನಿಮ್ಮಿಬ್ಬರ ನಡುವ ಏನರ ಇರಲಿ." ವೀರಭದ್ರ ಮರುದಿನ ಅಂಗಡಿಗೆ ಹೋಗದೆ ಬಸವಕಲ್ಯಾಣದ ಬಸ್ಸು ಹಿಡಿದ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೆದ್ದಾರಿ ಬಿಟ್ಟು ತಿರುಗಿದಾಗ, ಅರ್ಧ ಕಟ್ಟಿದ ಲಾರಿ ಬಾಡಿಗಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು. ಹೋಗಿ ಏನು ಹೇಳಬೇಕು ಎಂದು ಯೋಚಿಸಲು ನೋಡಿದ. ಮಾತು ಜೋಡಿಸಲು ಬರಲಿಲ್ಲ.

ಕೋಟೆಯ ಕಡೆಯ ಓಣಿಯಲ್ಲಿ ಮನೀಷಾಳ ಮನೆ. ಅವಳ ಅವ್ವ ಜಿಜಾಬಾಯಿ ಬಾಗಿಲು ತೆರೆದಳು. ಅವನನ್ನು ನೋಡಿ ಅವಳ ಮುಖ ಬಿಗಿಯಾಯಿತು. ಆದರೂ "ಬಾ, ಕುಂದ್ರು" ಎಂದಳು. "ಹೊತ್ತೇರಿದ್ರೂ ಮಲಗೇ ಇರ್ತಾಳ. ಉಣ್ಣಂದ್ರ ಉಣ್ತಾಳ, ಏಳಂದ್ರ ಏಳ್ತಾಳ. ಅಳಾಂಗಿಲ್ಲ, ಬೈಯಾಂಗಿಲ್ಲ. ಅತ್ತಿದ್ರ ನಂಗ ಸಮಾಧಾನ ಇತ್ತು."

ಮನೀಷಾ ಎದ್ದು ಬಂದು ಕೂಲರಿನ ಮುಂದೆ ಕೂತಳು. ಕೂದಲು ಕೆದರಿತ್ತು. ಜಿಜಾಬಾಯಿ ಚುರುಮುರಿ ನೆನೆಸಿ ಸುಸಲಾ ಒಗ್ಗರಣೆ ಹಾಕಲು ಒಳಗೆ ಹೋದಳು.

"ಆ ವಿಡಿಯೋ," ಎಂದ ವೀರಭದ್ರ, "ಅದ್ರಾಗ ಮುಂದ ಇನ್ನೂ ಇತ್ತು." ತಾನು ಆಡಿದ್ದನ್ನೆಲ್ಲ ಹೇಳಿದ.

ಬಾಗಿಲು ಬಡಿಯುವ ಮಾತಿಗೆ ಅವಳ ತುಟಿ ಸ್ವಲ್ಪ ಅಲುಗಿತು. ನಗು ಅಲ್ಲಿಗೇ ನಿಂತಿತು. "ಕತ್ತರ್ಸಿದ್ದು ಅವ," ಅಂದಳು. "ಆಮ್ಯಾಗ ಸುಮ್ಮ ಕುಂತಿದ್ದು ನೀ."

"ಹೌದು."

"ಯಾಕ?"

"ಗೊತ್ತಿಲ್ಲ. ಏನೂ ಅನಸವಲ್ದಾಗಿತ್ತು." ಆಮೇಲೆ ಕೇಳಿದ, "ಅದರ ಸಲುವಾಗಿ ತೆಗದ್ರೇನ ನಿನ್ನ?"

"ಇಲ್ಲ. ಸೋತೆ, ತೆಗದ್ರು. ಗೆದ್ದಿದ್ರ ನಿನ್ನ ವಿಡಿಯೋ ಯಾವ ನೋಡ್ತಿದ್ದ?" ಅವಳು ಕೂಲರಿನ ಗಾಳಿಗೆ ಮುಖ ಕೊಟ್ಟಳು. "ಅದು ಬರೋಬ್ಬರಿ ಅದ. ನಿನ್ನ ನಾ ತೆಗದಂಗ ನನ್ನ ಅವ್ರು ತೆಗದ್ರು. ಆದ್ರ ನನಕಿಂತ ಮೊದ್ಲಿದ್ದಾವ ನನಕಿಂತ ಜಾಸ್ತಿ ಸೋತಿದ್ದ. ಅವಗ ಮುಂದಿನ ತಿಂಗಳ ಗೋವಾದಾಗ ಕೆಲ್ಸ ಸಿಕ್ತು. ಅವಗ ಯಾರೂ ಪ್ರಯೋಗ ಅನ್ನಲಿಲ್ಲ."

"ಸಿಟ್ಟು ಬಂದದೇನ?"

"ಬರವಲ್ದು. ಬರಬೇಕಿತ್ತು ಅಂತ ಕಾಯಾಕತ್ತೇನಿ. ನಿಂಗ ಬಂದಿತ್ತೇನ, ನಾ ಬಿಟ್ಟಾಗ?"

"ಇಲ್ಲ. ಇನ್ನೂ ಬಂದಿಲ್ಲ."

ಜಿಜಾಬಾಯಿ ಸುಸಲಾದ ತಾಟು ತಂದಿಟ್ಟಳು. ತಿಂದರು. ಮೆಣಸಿನಕಾಯಿ ಖಾರವಾಗಿತ್ತು, ಇಬ್ಬರೂ ನೀರು ಕುಡಿದರು. ಏಳುವಾಗ ವೀರಭದ್ರ ಕೇಳಿದ, "ಮುಂದ ಯಾವ್ದರೆ ಟೀಮ್ ಸಿಕ್ರ, ನಾ ಬರ್ಲೇನ ಕೈಕೆಳಗ?"

ಅವಳು ಮುಲಾಜಿಲ್ಲದೆ ಹೇಳಿದಳು. "ಬ್ಯಾಡ. ನಿನ್ನ ಹಂತೇಕ ಲೈಸೆನ್ಸ್ ಇಲ್ಲ. ಊರಾವ ಅಂತ ಕರ್ಕೊಂಡ್ರ ನನ್ನ ಮಾತಿಗೆ ಏನ್ ಕಿಮ್ಮತ್ತು? ನಾ ಎಷ್ಟು ವರ್ಷ ತಿರಗೀನಿ ಆ ಪರೀಕ್ಷಾಕ್ಕ, ನಿಂಗ ಗೊತ್ತದ."

"ಗೊತ್ತದ," ಅಂದ. ಎರಡನೇ ಸಲವೂ ಅವಳೇ ಬೇಡ ಎಂದಂತಾಯಿತು. ಓಣಿಯಲ್ಲಿ ನಡೆಯುವಾಗ ಅದನ್ನು ನೆನೆದ. ನೋಯಲಿಲ್ಲ. ಆದರೆ ಬಸ್ಸು ಹುಮನಾಬಾದಿಗೆ ಬಂದಾಗ ಮನೆಯ ಕಡೆ ತಿರುಗದೆ ನೇರ ಓಂಪ್ರಕಾಶನ ಹತ್ತಿರ ಹೋದ.

"ಪೂರಾ ವಿಡಿಯೋ ಹಾಕು," ಅಂದ.

ಓಂಪ್ರಕಾಶ ಮೊದಲು ನಕ್ಕ. "ಹಳೇದಾತೋ ಅದು. ಈಗ ಹಾಕಿದ್ರ ಯಾರು ನೋಡ್ತಾರ? ಮತ್ತ ನಾ ಸುಳ್ಳೇನ್ ಹಾಕೀನಿ? ಆಗ್ತದ ಅಂತ ನೀನ ಅಂದಿ."

ವೀರಭದ್ರ ಜಗಳ ಮಾಡಲಿಲ್ಲ. ದನಿ ಏರಿಸಲಿಲ್ಲ. ಅಲ್ಲೇ ಕುರ್ಚಿಯ ಮೇಲೆ ಕೂತ. ಓಂಪ್ರಕಾಶ ಚಹಾ ಕುಡಿದ, ಫೋನಿನಲ್ಲಿ ಮಾತಾಡಿದ, ಹೊರಗೆ ಹೋಗಿ ಬಂದ. ವೀರಭದ್ರ ಕೂತೇ ಇದ್ದ. ಗೋಲಿನ ಮುಂದೆ ಹಾಗೆ ನಿಂತು ನಿಂತೇ ಅವನು ವರ್ಷಗಟ್ಟಲೆ ಪಗಾರ ತಗೊಂಡವನು. ಕಡೆಗೆ ಓಂಪ್ರಕಾಶ "ಏ, ತಲಿ ತಿನ್ನಬ್ಯಾಡೋ" ಎಂದು ಗೊಣಗುತ್ತ ಕಂಪ್ಯೂಟರ್ ಹಚ್ಚಿದ. ಪಿಟೀಲು ತೆಗೆದು ಪೂರಾ ಹಾಕಿದ.

ಓಂಪ್ರಕಾಶ ಹೇಳಿದ ಹಾಗೇ ಆಯಿತು, ಅದನ್ನು ನೋಡಿದವರು ಬಹಳ ಮಂದಿ ಇರಲಿಲ್ಲ. ಮೊದಲಿನದನ್ನು ಹಂಚಿದವರು ಇದನ್ನು ಹಂಚಲಿಲ್ಲ. ಟಿವಿಯ ಆ ಹಳೇ ಆಟಗಾರ ಮತ್ತೆ ಆ ಮಾತು ಎತ್ತಲೇ ಇಲ್ಲ. ವಿದ್ಯಾವತಿ ಕೊನೆಯವರೆಗೆ ನೋಡಿದಳು. ಫೋನು ಗಂಡನ ಕೈಗೆ ಕೊಟ್ಟು, "ಎರಡು ತಿಂಗಳ ಹಿಂದ ಆಗಬೇಕಿತ್ರಿ ಇದು" ಎಂದಳು. ಅವನು ಹೌದು ಎಂದ. ಮಹಾರುದ್ರಪ್ಪ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ನೋಡಿದರು. ಮಗ ತನ್ನನ್ನು ತಾನೇ ತೆಗೆಯುತ್ತಿದ್ದೆ ಎಂದ ಮಾತಿನ ಹತ್ತಿರ ನಿಲ್ಲಿಸಿ, ಇನ್ನೊಮ್ಮೆ ಕೇಳಿಸಿಕೊಂಡರು. "ಖರೇನ?" ಅಂದರು.

"ಖರೇ."

"ಮತ್ತ ಆ ಹುಡುಗಿದೇನ್ ತಪ್ಪು?" ಎಂದು ಕನ್ನಡಕ ತೆಗೆದಿಟ್ಟರು. ಆ ಮೇಲೆ ಅಂಗಡಿಯಲ್ಲಿ ಯಾರಾದರೂ ಆ ಮಾತು ತೆಗೆದರೆ ಅವರೇ "ಬಿಡ್ರಿ, ಆಟದಾಗ ಅದೆಲ್ಲ ಇರೂದ" ಎಂದು ನಿಲ್ಲಿಸತೊಡಗಿದರು.

ಮುಂಗಾರು ಬಿದ್ದು ಉದ್ದು, ಹೆಸರು ಬಿತ್ತುವ ಹೊತ್ತಿಗೆ ಮನೀಷಾಳಿಗೆ ಕೇರಳದಲ್ಲಿ ಕೆಲಸ ಸಿಕ್ಕಿತು. ಅದೂ ಗಂಡಸರ ತಂಡವೇ, ಮುಖ್ಯ ಕೋಚ್. ಲೀಗು ಮಾತ್ರ ಒಂದು ಮೆಟ್ಟಿಲು ಕೆಳಗಿನದು, ಪಗಾರವೂ ಕಡಿಮೆ. ಈ ಸಲ ಟಿವಿಯವರು ಬರಲಿಲ್ಲ. ಚಂದಮ್ಮ ಅತ್ತೆಯೇ ಸುದ್ದಿ ಹೇಳಿದಳು. ವಿದ್ಯಾವತಿ ರೊಟ್ಟಿ ಬಡಿಯುತ್ತ, "ಖುಷಿ ಆತೇನ್ರಿ?" ಎಂದು ಕೇಳಿದಳು. ವೀರಭದ್ರ ಯೋಚಿಸಿದ. "ಆಗಿರಬೇಕು," ಅಂದ.

ಗಣೇಶ ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಅವಳ ಫೋನು ಬಂತು. ಹೇಗಿದ್ದೀ ಎಂದು ಕೇಳಲಿಲ್ಲ.

"ವೀರಣ್ಣ, ಗೋವಾದ ಆ ಎತ್ತರದ ಫಾರ್ವರ್ಡ್, ಅವನ ಎದುರ ನೀ ಭಾಳ ಆಡಿ. ಅವ ಈಗ ಇಲ್ಲಿ ಒಂದು ಟೀಮಿಗೆ ಬಂದಾನ. ಹ್ಯಾಂಗ ಆಡ್ತಾನ ಹೇಳು."

ವೀರಭದ್ರ ಪೈಪಿನ ಕಟ್ಟಿನ ಮೇಲೆ ಕೂತ. "ಬಲಕ್ಕ ಹೋಗ್ತೀನಂತ ಭುಜ ತೋರಿಸ್ತಾನ. ನಂಬಬ್ಯಾಡ. ಎಡಕ್ಕ ಎಳಕೊಂಡು ಹೊಡೀತಾನ. ಅವನ ಹತ್ರ ಹೋಗಿ ಬೀಳಬಾರ್ದು, ಒಂದು ಹೆಜ್ಜಿ ದೂರ ನಿಂತು ಕಾಯಬೇಕು. ಮಳಿಯಾಗ ಅವನ ಆಟ ನಡಿಯಾಂಗಿಲ್ಲ. ಮತ್ತ, ಕಾರ್ನರ್‌ದಾಗ ಅಂಗಿ ಜಗ್ಗತಾನ, ರೆಫರಿಗೆ ಮೊದ್ಲ ಹೇಳಿ ಇಡು."

ಅವಳು ನಡುನಡುವೆ ಪ್ರಶ್ನೆ ಕೇಳಿದಳು. ಅವನು ಎದ್ದು ನಿಂತು, ಅವಳಿಗೆ ಕಾಣುವುದಿಲ್ಲ ಎಂಬುದನ್ನು ಮರೆತು, ಕಾಲು ಹೇಗಿಡಬೇಕೆಂದು ಕೈ ಮಾಡಿ ತೋರಿಸಿದ. ಹುಡಗಿ ಗ್ರಾಮದಿಂದ ಬಂದ ಇಬ್ಬರು ಗಿರಾಕಿಗಳು ಅವನನ್ನು ನೋಡುತ್ತ ನಿಂತಿದ್ದರು. ಮಹಾರುದ್ರಪ್ಪ ಅವರಿಗೆ ಕೂರಲು ಹೇಳಿದರು.

"ಆತು," ಎಂದು ಮನೀಷಾ ಫೋನಿಟ್ಟಳು.

ಆ ಪಂದ್ಯವನ್ನು ವೀರಭದ್ರ ರವಿವಾರ ಮನೆಯಲ್ಲಿ ಫೋನಿನಲ್ಲಿ ನೋಡಿದ. ಚಿತ್ರ ನಿಂತು ನಿಂತು ಬರುತ್ತಿತ್ತು. ಎತ್ತರದವನನ್ನು ತಡೆಯುವ ಮನೀಷಾಳ ತಂಡದ ಹುಡುಗ ಅರ್ಧ ಆಟದವರೆಗೆ ಹೇಳಿದಂತೆ ದೂರ ನಿಂತ. ಆಮೇಲೆ ಒಂದೇ ಒಂದು ಸಲ ಮರೆತು ಮೈಮೇಲೆ ಹೋದ. ಎತ್ತರದವನು ಬಲಕ್ಕೆ ಭುಜ ತೋರಿಸಿ ಎಡಕ್ಕೆ ಎಳೆದು ಗೋಲು ಹೊಡೆದ. ಕಡೆಯಲ್ಲಿ ಮನೀಷಾಳ ತಂಡವೂ ಒಂದು ಹೊಡೆದು ಪಂದ್ಯ ಸಮವಾಯಿತು. ಪಂದ್ಯ ಮುಗಿದ ಮೇಲೆ ಅವಳು ಆ ಹುಡುಗನ ಹತ್ತಿರ ಹೋಗಿ ಏನೋ ಹೇಳುತ್ತಿದ್ದಳು. ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಏನು ಹೇಳಿದಳೆಂದು ಫೋನಿನಲ್ಲಿ ಕೇಳಿಸಲಿಲ್ಲ.